ಕಾರು ತಗ್ಗಿದರೆ ಹಿಡಿತ ಹೆಚ್ಚುತ್ತದೆಯೇ?

ನಮ್ಮ ಊರಿನಲ್ಲಿ ಈಗ ಎರಡು ಬಗೆಯ ಕಾರುಗಳು ರಸ್ತೆಯುಬ್ಬನ್ನು ಓರೆಯಾಗಿ, ಏಡಿಯಂತೆ ಅಡ್ಡಡ್ಡ ದಾಟುತ್ತವೆ. ಒಂದು, ಮದುವೆಗೆ ಹೊರಟ ಕಾರು. ಐದು ಜನ ಕೂರಬೇಕಾದಲ್ಲಿ ಎಂಟು ಜನ, ಡಿಕ್ಕಿಯ ತುಂಬ ಲಗೇಜು. ಅದು ನೆಲಕ್ಕೆ ತಾಗುವುದು ಸಹಜ. ಇನ್ನೊಂದರಲ್ಲಿ ಒಬ್ಬನೇ ಹುಡುಗ ಇರುತ್ತಾನೆ. ಲಗೇಜೂ ಇಲ್ಲ, ನೆಂಟರೂ ಇಲ್ಲ. ಆದರೂ ಉಬ್ಬು ಬಂದ ಕೂಡಲೇ ಬ್ರೇಕು ಒತ್ತಿ, ಸ್ಟಿಯರಿಂಗ್ ತಿರುಗಿಸಿ, ಒಂದೊಂದೇ ಗಾಲಿಯನ್ನು ಮೆಲ್ಲಗೆ ಹತ್ತಿಸಿ ಇಳಿಸುತ್ತಾನೆ. ಹಿಂದಿನಿಂದ ಬಸ್ಸಿನವರು ಹಾರ್ನ್ ಮಾಡುತ್ತಿರುತ್ತಾರೆ. ಯಾಕಪ್ಪಾ ಹೀಗೆ ಎಂದು ಕೇಳಿದರೆ, ‘ಹ್ಯಾಂಡ್ಲಿಂಗ್ ಚೆನ್ನಾಗಿರಲಿ ಅಂತ ಲೋ ಮಾಡಿಸಿದ್ದೀನಿ’ ಎಂಬ ಉತ್ತರ ಬರುತ್ತದೆ.

ನಾನು ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿ. ರಜೆಯಲ್ಲಿ ಪರಿಚಿತರ ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಳ್ಳುತ್ತೇನೆ. ಅಲ್ಲಿಗೆ ಬರುವ ನನ್ನ ವಯಸ್ಸಿನ ಹುಡುಗರ ಕಾರು ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ನನಗೂ ಅದೇ ಹುಚ್ಚು. ದಿನಾ ಒಂದೇ ಕಾರು, ಒಂದೇ ರಸ್ತೆ ಆದಾಗ ಅದನ್ನು ಸ್ವಲ್ಪ ನಮ್ಮದಾಗಿಸಿಕೊಳ್ಳಬೇಕು, ತಿರುವಿನಲ್ಲಿ ಅದು ನಮ್ಮ ಮಾತು ಕೇಳಬೇಕು ಅನ್ನಿಸುವುದು ತಪ್ಪೇನಲ್ಲ. ನನ್ನ ತಕರಾರು ಇರುವುದು ಅದಕ್ಕಾಗಿ ನಾವು ಹಿಡಿದಿರುವ ದಾರಿಯ ಬಗ್ಗೆ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸುವುದನ್ನೇ ನಾವು ‘ಸಸ್ಪೆನ್ಷನ್ ಮಾಡಿಫಿಕೇಶನ್’ ಎಂದು ಕರೆಯುತ್ತಿದ್ದೇವೆ. ಬಹಳಷ್ಟು ಸಲ ಅದು ಹ್ಯಾಂಡ್ಲಿಂಗನ್ನು ಹೆಚ್ಚಿಸುವ ಬದಲು ಕೆಡಿಸುತ್ತದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಹ್ಯಾಂಡ್ಲಿಂಗ್ ಎಂದರೇನು ನೋಡೋಣ. ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಬ್ರೇಕು ಹಿಡಿಯುವುದು, ಸ್ಟಿಯರಿಂಗ್ ಕೆಲಸ ಮಾಡುವುದು, ತಿರುವಿನಲ್ಲಿ ಕಾರು ಜಾರದಿರುವುದು ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿದೆ. ಅವು ಸದಾ, ಸಮನಾದ ಒತ್ತಡದಲ್ಲಿ ರಸ್ತೆಯನ್ನು ಒತ್ತಿ ಹಿಡಿಯುವಂತೆ ನೋಡಿಕೊಳ್ಳುವುದೇ ಸಸ್ಪೆನ್ಷನ್ನಿನ ಕೆಲಸ. ನಮ್ಮ ಬೆನ್ನಿಗೆ ಸುಖ ಕೊಡುವುದು ಅದರ ಎರಡನೆಯ ಕೆಲಸ. ಗುಂಡಿ ಬಂದಾಗ ಗಾಲಿ ಕೆಳಗಿಳಿದು, ಉಬ್ಬು ಬಂದಾಗ ಮೇಲೇರಿ ರಸ್ತೆಯ ಜೊತೆಗೇ ಸಾಗಬೇಕು. ಗಾಲಿ ನೆಲ ಬಿಟ್ಟ ಕ್ಷಣ ಆ ಟೈರಿಗೆ ಹಿಡಿತ ಸೊನ್ನೆ.

‘ಕಾರು ತಗ್ಗಿದರೆ ಅದರ ಗುರುತ್ವ ಕೇಂದ್ರ ತಗ್ಗುತ್ತದೆ, ಹಿಡಿತ ಹೆಚ್ಚುತ್ತದೆ’ ಎನ್ನುವುದು ಎಲ್ಲರೂ ಹೇಳುವ ಮಾತು. ಅದು ಸುಳ್ಳಲ್ಲ. ಆದರೆ ಎಷ್ಟು ಹೆಚ್ಚುತ್ತದೆ? ಒಂದು ಲೆಕ್ಕ ಹಾಕೋಣ. ಕಾರಿನ ತೂಕ 1,000 ಕೆ.ಜಿ., ಗುರುತ್ವ ಕೇಂದ್ರದ ಎತ್ತರ 55 ಸೆಂ.ಮೀ., ಎಡ ಮತ್ತು ಬಲ ಗಾಲಿಗಳ ನಡುವಿನ ಅಂತರ 145 ಸೆಂ.ಮೀ. ಇದೆ ಅಂದುಕೊಳ್ಳಿ. ಸಾಕಷ್ಟು ಜೋರಾಗಿ, ಅಂದರೆ ಕಾರಿನ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುವಂತೆ ತಿರುಗಿದಿರಿ ಅನ್ನಿ. ಆಗ ಒಳಗಿನ ಗಾಲಿಗಳಿಂದ ಹೊರಗಿನ ಗಾಲಿಗಳಿಗೆ ಸುಮಾರು 190 ಕೆ.ಜಿ. ಭಾರ ವರ್ಗಾವಣೆ ಆಗುತ್ತದೆ. ಈಗ ಕಾರನ್ನು 3 ಸೆಂ.ಮೀ. ಇಳಿಸಿ, ಮತ್ತೆ ಲೆಕ್ಕ ಹಾಕಿ. ವರ್ಗಾವಣೆ ಸುಮಾರು 179 ಕೆ.ಜಿ. ಆಯಿತು. ಲಾಭ ಹತ್ತು–ಹನ್ನೊಂದು ಕೆ.ಜಿ. ಒಂದು ಸಣ್ಣ ಅಕ್ಕಿ ಚೀಲದಷ್ಟು! ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಾರು ಕಡಿಮೆ ವಾಲುತ್ತದೆ ನಿಜ. ಆದರೆ ವಾಲಾಟ ಕಡಿಮೆಯಾದ ಮಾತ್ರಕ್ಕೆ ಈ ಒಟ್ಟು ವರ್ಗಾವಣೆ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಕಾರು ಚಪ್ಪಟೆಯಾಗಿ ತಿರುಗುವುದರಿಂದ ನಮಗೆ ಧೈರ್ಯ ಹೆಚ್ಚುತ್ತದೆ, ಹಿಡಿತ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುವುದಿಲ್ಲ. ಅಪಾಯ ಇರುವುದೇ ಈ ಅಂತರದಲ್ಲಿ.

ಆ ಸಣ್ಣ ಲಾಭಕ್ಕೆ ಕೊಡುವ ಬೆಲೆ ಏನು? ಕಡಿಮೆ ದುಡ್ಡಿನಲ್ಲಿ ಆಗಬೇಕು ಎನ್ನುವವರು ಗ್ರೈಂಡರ್ ಹಿಡಿದು ಸ್ಪ್ರಿಂಗಿನ ಒಂದೋ ಒಂದೂವರೆಯೋ ಸುತ್ತು ಕತ್ತರಿಸಿಬಿಡುತ್ತಾರೆ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದೂವರೆ ಹೋದರೆ ಉಳಿದ ಸ್ಪ್ರಿಂಗ್ ಮೊದಲಿಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಗಡುಸು. ಆದರೆ ಅದರ ಜೊತೆಗಿರುವ ಶಾಕ್ ಅಬ್ಸಾರ್ಬರ್ ಹಳೆಯದೇ. ಅದನ್ನು ಮಾಡಿದ್ದು ಹಳೆಯ ಮೆತ್ತನೆಯ ಸ್ಪ್ರಿಂಗಿನ ಕುಣಿತವನ್ನು ಅಡಗಿಸಲು. ಹೊಸ ಗಡುಸು ಸ್ಪ್ರಿಂಗ್ ಹಿಂದಕ್ಕೆ ಚಿಮ್ಮುವ ಬಲವನ್ನು ತಡೆಯಲಾರದೆ ಅದು ಸುಸ್ತಾಗುತ್ತದೆ. ಗಾಲಿ ಚೆಂಡಿನಂತೆ ಪುಟಿಯುತ್ತದೆ, ಶಾಕ್ ಅಬ್ಸಾರ್ಬರ್ ಬೇಗ ಎಣ್ಣೆ ಸೋರಲು ಶುರು ಮಾಡುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಿಂಗಿನ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರಲೆಂದೇ ಒಂದು ಆಕಾರದಲ್ಲಿ ಮಾಡಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಉದ್ದವೂ ಕಡಿಮೆಯಾದ್ದರಿಂದ ಗಾಲಿ ದೊಡ್ಡ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ, ಜಾಗ ಬಿಟ್ಟು ಓರೆಯಾಗಿ ಕೂರಬಹುದು. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಇಳಿಸುವವರೂ ಇದ್ದಾರೆ. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬರುವುದೇ ಲೆಕ್ಕದ ಶಾಖ ಚಿಕಿತ್ಸೆಯಿಂದ. ಬೇಕಾಬಿಟ್ಟಿ ಕಾಯಿಸಿದರೆ ಆ ಗುಣ ಹೋಗುತ್ತದೆ. ಆಮೇಲೆ ಅದು ಕುಸಿಯಬಹುದು, ಯಾವತ್ತೋ ಒಂದು ದಿನ ಮುರಿಯಲೂಬಹುದು.

ಗಾಲಿಯ ಕೋನಗಳ ವಿಷಯವೂ ಇದೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮೆಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆ. ಕಡಿಮೆ ಜಾಗ, ಕಡಿಮೆ ಬಿಡಿಭಾಗ, ಕಡಿಮೆ ಖರ್ಚು ಇದರ ಗುಣ. ಇದರಲ್ಲಿ ಕೆಳಗೊಂದು ತೋಳು ಇರುತ್ತದೆ. ಕಾರನ್ನು ತುಂಬ ಇಳಿಸಿದರೆ ಈ ತೋಳಿನ ಗಾಲಿಯ ಕಡೆಯ ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರು ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಇಳಿದುಬಿಡುತ್ತದೆ. ಆಗ ಕಾರನ್ನು ವಾಲಿಸುವ ಸನ್ನೆಗೋಲು ಉದ್ದವಾದಂತೆ. ವಾಲಾಟ ಕಡಿಮೆ ಮಾಡಲು ಹೊರಟು, ವಾಲಿಸುವ ಶಕ್ತಿಯನ್ನೇ ಹೆಚ್ಚಿಸಿಕೊಂಡಂತಾಯಿತು! ಜೊತೆಗೆ ಗಾಲಿ ಮೇಲೆ ಕೆಳಗೆ ಆಡುವಾಗ ತಾನಾಗಿಯೇ ಅತ್ತಿತ್ತ ತಿರುಗುವ ಚಟವೂ ಶುರುವಾಗುತ್ತದೆ. ನೇರ ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕರೂ ಸ್ಟಿಯರಿಂಗ್ ಎಳೆದಂತಾಗುತ್ತದೆ. ಗ್ಯಾರೇಜಿಗೆ ಬರುವ ಇಂಥ ಕಾರುಗಳನ್ನು ನಾನು ಗುರುತಿಸುವುದು ಟೈರು ನೋಡಿ. ಹೊರಗಿನಿಂದ ಹೊಸದರಂತೆ ಕಾಣುವ ಟೈರಿನ ಒಳ ಅಂಚಿಗೆ ಕೈ ಹಾಕಿದರೆ ನುಣ್ಣಗೆ ಸವೆದು, ಕೆಲವೊಮ್ಮೆ ತಂತಿಯೇ ಕೈಗೆ ತಾಗುತ್ತದೆ.

ಇನ್ನು ಘಾಟಿ ರಸ್ತೆಗೆ ಬರೋಣ. ಹ್ಯಾಂಡ್ಲಿಂಗ್ ಬೇಕು ಎನ್ನುವವರ ಕನಸಿನಲ್ಲಿ ಬರುವುದು ಚಾರ್ಮಾಡಿ, ಆಗುಂಬೆ, ಶಿರಾಡಿ. ಮಳೆಗಾಲದಲ್ಲಿ ಅಲ್ಲಿ ಹೋಗಿ ಬಂದವರಿಗೆ ಗೊತ್ತು, ತಿರುವಿನ ಮಧ್ಯದಲ್ಲೇ ಡಾಂಬರು ಕಿತ್ತು ನೀರು ನಿಂತಿರುತ್ತದೆ. ಸಾಮಾನ್ಯ ಕಾರಿನ ಗಾಲಿಗೆ ಮೇಲೆ ಏರಲು ಸಾಕಷ್ಟು ಜಾಗ ಇರುತ್ತದೆ. ತಗ್ಗಿಸಿದ ಕಾರಿನಲ್ಲಿ ಆ ಜಾಗದ ದೊಡ್ಡ ಪಾಲು ಮೊದಲೇ ಖರ್ಚಾಗಿ ಹೋಗಿರುತ್ತದೆ. ತಿರುವಿನಲ್ಲಿ ಭಾರ ಹೊರಗಿನ ಗಾಲಿಗೆ ಬಿದ್ದು ಅದು ಇನ್ನಷ್ಟು ಒಳಸೇರಿರುವಾಗ ಒಂದು ಗುಂಡಿ ಬಂತೆಂದರೆ, ಸಸ್ಪೆನ್ಷನ್ ತಳಕ್ಕೆ ಬಡಿಯುತ್ತದೆ. ಆ ಕ್ಷಣಕ್ಕೆ ಅಲ್ಲಿ ಸ್ಪ್ರಿಂಗೇ ಇಲ್ಲ. ಟೈರಿನ ಮೇಲಿನ ಒತ್ತಡ ಒಮ್ಮೆಗೇ ಏರಿ, ಹಿಡಿತ ತಪ್ಪಿ, ಕಾರು ಹೊರಕ್ಕೆ ಜಾರುತ್ತದೆ. ನುಣುಪು ರಸ್ತೆಯಲ್ಲಿ ಹತ್ತು ಸಲ ಸರಿಯಾಗಿ ತಿರುಗಿದ ಕಾರು ಹನ್ನೊಂದನೆಯ ತಿರುವಿನಲ್ಲಿ ಹೀಗೇಕೆ ಮಾಡಿತು ಎಂದು ಯೋಚಿಸಲು ಪಕ್ಕದ ಕಮರಿ ಸಮಯ ಕೊಡುವುದಿಲ್ಲ.

ರಸ್ತೆಯುಬ್ಬುಗಳ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ಅಷ್ಟು ಅಗಲದ ಉಬ್ಬಿನ ಮೇಲೆ ಸಣ್ಣ ಕಾರಿನ ಮುಂದಿನ, ಹಿಂದಿನ ಗಾಲಿಗಳೆರಡೂ ಏಕಕಾಲಕ್ಕೆ ಹತ್ತಿ ನಿಲ್ಲುತ್ತವೆ. ಆಗ ಗಾಲಿಗಳ ಮಟ್ಟದಿಂದ ಉಬ್ಬಿನ ನೆತ್ತಿ ಮೇಲೇಳುವುದು ನಾಲ್ಕೂವರೆ ಸೆಂ.ಮೀ.ನಷ್ಟು ಮಾತ್ರ. ತಗ್ಗಿಸಿದ ಕಾರೂ ಅದನ್ನು ದಾಟೀತು. ಆದರೆ ನಮ್ಮ ಬೀದಿಗಳಲ್ಲಿರುವ ಉಬ್ಬುಗಳು ಹಾಗಿವೆಯೇ? ಒಂದು ಮೀಟರ್ ಅಗಲವೂ ಇಲ್ಲದ, ಮೊಣಕಾಲೆತ್ತಿ ದಾಟಬೇಕಾದ ದಿಬ್ಬಗಳನ್ನು ರಾತ್ರೋರಾತ್ರಿ ಎಬ್ಬಿಸಿರುತ್ತಾರೆ. ಸಣ್ಣ ಕಾರಿನ ತಳಕ್ಕೂ ನೆಲಕ್ಕೂ ಇರುವ 16–17 ಸೆಂ.ಮೀ. ಅಂತರ ಖಾಲಿ ಕಾರಿನ ಲೆಕ್ಕ. ನಾಲ್ಕು ಜನ ಕೂತರೆ ಮೂರ್ನಾಲ್ಕು ಸೆಂ.ಮೀ. ಹೋಯಿತು. ಮೇಲೆ ನಾವು ನಾಲ್ಕು ಸೆಂ.ಮೀ. ಇಳಿಸಿದರೆ ಉಳಿಯುವುದು ಒಂಬತ್ತೋ ಹತ್ತೋ. ಎಂಜಿನ್ ಎಣ್ಣೆಯ ಬಟ್ಟಲು ಒಡೆಯಲು ಅಷ್ಟು ಸಾಕು. ರಸ್ತೆ ಸರಿಯಿಲ್ಲ ಎಂದು ಬೈಯುವ ಹಕ್ಕು ನಮಗಿದೆ, ಬೈಯೋಣ. ಅಲ್ಲಿಯವರೆಗೆ ಕಾರು ಓಡಬೇಕಾದದ್ದು ಇದೇ ರಸ್ತೆಯಲ್ಲಿ.

ಈ ವಿದ್ಯೆ ಬಲ್ಲವರು ಏನು ಮಾಡಿದ್ದಾರೆ ನೋಡಿ. 2018ರಲ್ಲಿ ಟಾಟಾ ಮೋಟಾರ್ಸ್ ಮತ್ತು ಕೊಯಮತ್ತೂರಿನ ಜಯೆಮ್ ಆಟೊಮೋಟಿವ್ಸ್ ಸೇರಿ ಟಿಯಾಗೊ ಜೆಟಿಪಿ ಎಂಬ ವೇಗದ ಕಾರು ತಂದವು. ಜಯೆಮ್‌ನವರು ರೇಸಿಂಗ್ ಹಿನ್ನೆಲೆಯವರು. ಟರ್ಬೊ ಎಂಜಿನ್ ಹಾಕಿ, ಅಗಲ ಟೈರ್ ಹಾಕಿ, ಸಸ್ಪೆನ್ಷನ್ನನ್ನು ಮರುಹೊಂದಿಸಿದ ಅವರು ಕಾರನ್ನು ಇಳಿಸಿದ್ದು ಎಷ್ಟು ಗೊತ್ತೇ? ಬರೀ 4 ಮಿ.ಮೀ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ಹಾದಿಯಲ್ಲಿ ನಡೆಯುವ ರ್‍ಯಾಲಿಗಳನ್ನು ನೋಡಿದವರಿಗೂ ಇದು ತಿಳಿದಿರುತ್ತದೆ. ಅಲ್ಲಿ ಕಾರುಗಳು ಎತ್ತರವಾಗಿಯೇ ಇರುತ್ತವೆ, ಗಾಲಿಗಳಿಗೆ ಆಡಲು ಧಾರಾಳ ಜಾಗ ಇರುತ್ತದೆ, ಮುಖ್ಯ ಖರ್ಚು ಬೀಳುವುದು ಒಳ್ಳೆಯ ಶಾಕ್ ಅಬ್ಸಾರ್ಬರಿಗೆ. ಲೋಟಸ್ ಕಾರು ಕಂಪನಿ ಕಟ್ಟಿದ ಬ್ರಿಟನ್ನಿನ ಕಾಲಿನ್ ಚಾಪ್‌ಮನ್ 1962ರಲ್ಲಿ ತಂದ ‘ಎಲಾನ್’ ಕಾರು ಇಂದಿಗೂ ಹ್ಯಾಂಡ್ಲಿಂಗಿಗೆ ಮಾದರಿ ಎನಿಸಿಕೊಂಡಿದೆ. ಅದರ ಗುಟ್ಟು ಹಗುರವಾದ ಮೈ, ಮೆತ್ತನೆಯ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್. ಗಡುಸಾದಷ್ಟೂ ಒಳ್ಳೆಯದು ಎಂಬ ನಮ್ಮ ನಂಬಿಕೆಗೆ ಇದು ತಕ್ಕ ಉತ್ತರ.

ಹಾಗಾದರೆ ಏನೂ ಮಾಡಬಾರದೇ? ಮಾಡಬೇಕು. ಆದರೆ ಕ್ರಮವಾಗಿ. ನಮ್ಮಲ್ಲಿ ಹೆಚ್ಚಿನವರ ಕೈಗೆ ಬರುವುದು ಹತ್ತು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರು. ಅದರ ರಬ್ಬರ್ ಬುಶ್‌ಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ಬಾಲ್ ಜಾಯಿಂಟ್ ಸಡಿಲಾಗಿರುತ್ತದೆ, ಶಾಕ್ ಅಬ್ಸಾರ್ಬರ್ ಜೀವ ಕಳೆದುಕೊಂಡಿರುತ್ತದೆ. ಬಾನೆಟ್ಟಿನ ಮೂಲೆ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರ್ಥ. ಇವನ್ನೆಲ್ಲ ಕಂಪನಿಯ ಅಳತೆಯ ಹೊಸ ಭಾಗಗಳಿಂದ ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸಿದರೆ, ‘ಇದು ನನ್ನ ಕಾರೇನಾ’ ಎಂದು ಹುಬ್ಬೇರಿಸುವವರನ್ನು ನಾನು ಗ್ಯಾರೇಜಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ನಂತರ ಟೈರು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಳೆಯ ಟೈರಿನ ಚಡಿ ಆಳವಾಗಿಯೇ ಇದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಕಾರಿನ ಟೈರಿನ ಚಡಿ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಮಳೆನಾಡಿನಲ್ಲಿ ಅಷ್ಟಕ್ಕೆ ಬರುವ ಮೊದಲೇ ಬದಲಿಸುವುದು ಜಾಣತನ. ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟೇ ಗಾಳಿ ಹಿಡಿಸಿ. ಇದಕ್ಕೆ ಖರ್ಚೇ ಇಲ್ಲ. ಸ್ಪ್ರಿಂಗ್ ಕತ್ತರಿಸಲು, ಸ್ಟಿಕ್ಕರ್ ಅಂಟಿಸಲು, ಸೈಲೆನ್ಸರ್ ಬದಲಿಸಲು ಕೂಡಿಟ್ಟ ದುಡ್ಡೆಲ್ಲ ಸೇರಿಸಿ ನಾಲ್ಕು ಒಳ್ಳೆಯ ಟೈರು ಕೊಂಡರೆ, ಹ್ಯಾಂಡ್ಲಿಂಗಿಗೆ ಅದಕ್ಕಿಂತ ದೊಡ್ಡ ಮಾಡಿಫಿಕೇಶನ್ ಇಲ್ಲ.

ಇಷ್ಟಾದ ಮೇಲೂ ಸಾಲದು ಎನ್ನುವವರು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಜೋಡಿಯಾಗಿ, ಅದೇ ಕಾರಿಗೆಂದು ಲೆಕ್ಕ ಹಾಕಿ ಮಾಡಿದ್ದನ್ನೇ ನೋಡಬೇಕು. ಎಡಬಲದ ಗಾಲಿಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ದಪ್ಪ ಮಾಡುವಾಗಲೂ ಯೋಚನೆ ಬೇಕು. ಮುಂದಿನದು ಗಟ್ಟಿಯಾದರೆ ಕಾರು ತಿರುಗಲು ಹಟ ಮಾಡಿ ನೇರಕ್ಕೆ ಹೋಗುತ್ತದೆ. ಹಿಂದಿನದು ಅತಿಯಾದರೆ ಮಳೆಯಲ್ಲಿ ಹಿಂಭಾಗವೇ ಸುತ್ತಿಕೊಂಡು ಮುಂದೆ ಬರುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುವ ವ್ಯವಸ್ಥೆ ಇದು.

ವೇಗದ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ತಿರುವಿನಲ್ಲಿ ಬೇಕಾಗುವ ಹಿಡಿತ ವೇಗದ ವರ್ಗದಂತೆ ಏರುತ್ತದೆ. ಅಂದರೆ ಎಲ್ಲ ಸರಿಯಾಗಿ ಮಾಡಿ ಹಿಡಿತವನ್ನು ಶೇ 5ರಷ್ಟು ಹೆಚ್ಚಿಸಿದಿರಿ ಎಂದರೂ ವೇಗ ಹೆಚ್ಚಿಸಬಹುದಾದದ್ದು ಶೇ 2.5ರಷ್ಟು. 30 ಕಿ.ಮೀ. ವೇಗದಲ್ಲಿ ದಾಟುವ ಹೇರ್‌ಪಿನ್ ತಿರುವಿನಲ್ಲಿ ಇದು ಒಂದು ಕಿ.ಮೀ. ಕೂಡ ಅಲ್ಲ! ‘ಸಸ್ಪೆನ್ಷನ್ ಮಾಡಿಸಿದ್ದೀನಿ’ ಎಂಬ ಧೈರ್ಯದಲ್ಲಿ ಅದೇ ತಿರುವಿಗೆ 45ರಲ್ಲಿ ನುಗ್ಗುವವನಿಗೆ ಬೇಕಾದ ಹಿಡಿತ ಎರಡು ಪಟ್ಟಿಗೂ ಹೆಚ್ಚು. ಯಾವ ಸ್ಪ್ರಿಂಗೂ ಅದನ್ನು ಕೊಡುವುದಿಲ್ಲ. ವೇಗದ ಆಸೆ ತೀರಿಸಿಕೊಳ್ಳಲು ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ಚೆನ್ನೈ ಬಳಿಯ ಇರುಂಗಟ್ಟುಕೋಟ್ಟೈ ಟ್ರ್ಯಾಕ್ ಇದೆ, ನಮ್ಮಲ್ಲೂ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳು ಆಟೊಕ್ರಾಸ್ ನಡೆಸುತ್ತವೆ. ಎದುರಿನಿಂದ ಹಾಲಿನ ವ್ಯಾನು ಬರುವ ಘಾಟಿ ಅದಕ್ಕೆ ಜಾಗವಲ್ಲ.

ಕೊನೆಯದಾಗಿ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಸೇರಿಸಲಾಯಿತು. ಅಪಘಾತವಾದಾಗ ವಿಮೆ ಕಂಪನಿ ಇದೇ ನೆಪ ಹಿಡಿದು ಕೈ ಚೆಲ್ಲಿದರೆ ಕಷ್ಟ ಅನುಭವಿಸುವುದು ಮನೆಯವರು.

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಸಿಎನ್‌ಜಿ ಕಿಟ್ ಹಾಕಿಸುವುದಾದರೆ ಅನುಮೋದಿತ ಕಿಟ್ ಇದೆ, ನೋಂದಣಿ ಪತ್ರದಲ್ಲಿ ಬರೆಸುವ ದಾರಿಯಿದೆ. ಸಸ್ಪೆನ್ಷನ್ ಸುಧಾರಿಸಬೇಕು ಎನ್ನುವ ಯುವಕನಿಗೆ ಅಂಥ ಸಲೀಸಾದ ದಾರಿ ಕಾಣುವುದಿಲ್ಲ. ಜರ್ಮನಿಯಲ್ಲಿ ಸ್ಪ್ರಿಂಗ್ ಬದಲಿಸಬಹುದು. ಆದರೆ ಆ ಭಾಗಕ್ಕೆ ಪರೀಕ್ಷಾ ಪ್ರಮಾಣಪತ್ರ ಇರಬೇಕು, ಜೋಡಿಸಿದ ಮೇಲೆ ಮಾನ್ಯತೆ ಪಡೆದ ಸಂಸ್ಥೆಯ ತಜ್ಞರು ಕಾರು ಪರಿಶೀಲಿಸಿ ಒಪ್ಪಬೇಕು. ನಮ್ಮಲ್ಲೂ ಹಾಗೊಂದು ವ್ಯವಸ್ಥೆ ಬಂದರೆ ಒಳ್ಳೆಯ ಕೆಲಸ ಮಾಡುವ ಗ್ಯಾರೇಜುಗಳು ತಲೆಯೆತ್ತಿ ಕೆಲಸ ಮಾಡುತ್ತವೆ, ಗ್ರೈಂಡರ್ ಹಿಡಿದವರ ಅಂಗಡಿ ತಾನಾಗಿ ಮುಚ್ಚುತ್ತದೆ. ನಮ್ಮಂಥ ಡಿಪ್ಲೊಮಾ ಹುಡುಗರಿಗೆ ಕೆಲಸವೂ ಸಿಕ್ಕೀತು. ಬರೀ ದಂಡ ಹಾಕುತ್ತಾ ಹೋದರೆ ಕದ್ದು ಮಾಡುವುದು ನಿಲ್ಲುವುದಿಲ್ಲ.

ಆ ದಿನ ಬರುವವರೆಗೆ ಗೆಳೆಯರಲ್ಲಿ ನನ್ನದೊಂದು ಮನವಿ. ನಿಮ್ಮ ಸ್ಪ್ರಿಂಗಿಗೆ ಗ್ರೈಂಡರ್ ಇಡುವ ಮೊದಲು ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಬುಶ್ ಹೇಗಿದೆ, ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ, ಟೈರಿನ ಒಳ ಅಂಚು ಸವೆದಿದೆಯೇ? ನಮ್ಮ ರಸ್ತೆಯಲ್ಲಿ ಒಳ್ಳೆಯ ಹ್ಯಾಂಡ್ಲಿಂಗ್ ಅಂದರೆ ಗುಂಡಿ, ಮಳೆ, ದಿಬ್ಬ ಯಾವುದೇ ಬಂದರೂ ನಾಲ್ಕು ಗಾಲಿ ನೆಲ ಬಿಡದೆ ಮನೆ ಮುಟ್ಟಿಸುವುದು. ಅಂಥ ಕಾರು ಬಸ್‌ಸ್ಟ್ಯಾಂಡ್ ಮುಂದೆ ನಿಂತಾಗ ಯಾರೂ ತಿರುಗಿ ನೋಡಲಿಕ್ಕಿಲ್ಲ. ನೋಡದಿದ್ದರೆ ಬಿಡಿ, ಉಬ್ಬನ್ನಾದರೂ ನೇರವಾಗಿ ದಾಟುತ್ತದೆ.